ಬೆವರುವ ಬರಣಿ: ಮುಂಬೈ ಮನೆಯಲ್ಲಿ ಗಾಜಿನೊಳಗೆ ಗಿಡ ಸಾಕುವ ಬಗೆ

ಜೂನ್ ಎರಡನೇ ವಾರ ಮಳೆ ಹಿಡಿಯಿತು ಅಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಡೊಂಬಿವಲಿಯಿಂದ, ಮುಲುಂಡಿನಿಂದ, ಮೀರಾ ರೋಡಿನಿಂದ. ಎಲ್ಲದರಲ್ಲೂ ಮಂಜು ಕಟ್ಟಿದ ಗಾಜಿನ ಬರಣಿ, ಅದರೊಳಗೆ ಮಸುಕಾಗಿ ಕಾಣುವ ಗಿಡ. ಜೊತೆಗೆ ಒಂದೇ ಪ್ರಶ್ನೆ: "ಅಕ್ಕಾ, ಬರಣಿ ಬೆವರ್ತಾ ಇದೆ. ಮುಚ್ಚಳ ತೆಗೆದಿಟ್ಟು ನಾಲ್ಕು ದಿನ ಆಯ್ತು, ಒಣಗ್ತಾನೇ ಇಲ್ಲ. ಏನ್ ಮಾಡ್ಲಿ?"

ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹೊಸದಾಗಿ ಬರಣಿ ಕಟ್ಟುವವರು ಮೊದಲಿನಿಂದ ಓದಿ. ಈಗಾಗಲೇ ಬೆವರುತ್ತಿರುವ ಬರಣಿ ಎದುರಿಗಿದ್ದರೆ ನೇರ ಆರನೇ ಹಂತಕ್ಕೆ ಹೋಗಿ.

ಮೊದಲಿಗೆ ಒಂದು ಮಾತು. "ಮಂಜು ಜಾಸ್ತಿ ಆದರೆ ಮುಚ್ಚಳ ತೆಗೆದಿಡಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಚಳಿ ದೇಶದ ಸಲಹೆ. ಗಾಜಿನೊಳಗೆ ಗಿಡ ಬೆಳೆಸುವ ಕಲೆ ಹಬ್ಬಿದ್ದೇ ಅಲ್ಲಿಂದ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಬಾಟಲಿಯೊಳಗೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿಟ್ಟಿದ್ದರು. ಆ ಮಣ್ಣಿನಲ್ಲಿ ಜರಿ ಗಿಡ ಮೊಳೆಯಿತು. ಅವರ ತೋಟದಲ್ಲಿ ಕಲ್ಲಿದ್ದಲ ಹೊಗೆಗೆ ಬದುಕದ ಗಿಡ ಬಾಟಲಿಯೊಳಗೆ ಬದುಕಿತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಹಡಗಿನಲ್ಲಿ ಸಿಡ್ನಿಯವರೆಗೂ ಹೋದವು. ಮುಂದೆ ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. ಅಲ್ಲಿಯ ಮನೆಗಳಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದರೆ ಗಾಳಿ ಒಣಗುತ್ತದೆ. ಮುಚ್ಚಳ ತೆಗೆದರೆ ಬರಣಿಯೂ ಒಣಗುತ್ತದೆ. ಜುಲೈ ತಿಂಗಳ ಮುಂಬೈಯಲ್ಲಿ ಹೊರಗಿನ ಗಾಳಿಯೇ ಒದ್ದೆ. ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗದ ಮನೆಯಲ್ಲಿ ಬರಣಿ ಹೇಗೆ ಒಣಗೀತು?

ಮಳೆಗಾಲದಲ್ಲಿ ಇಲ್ಲಿಯ ಆರ್ದ್ರತೆ ಸಾಮಾನ್ಯವಾಗಿ ಶೇಕಡಾ 80ರಿಂದ 90ರ ಸುಮಾರಿಗೆ ಇರುತ್ತದೆ. ಆರ್ದ್ರತೆ ಎಂದರೆ, ಆ ಹೊತ್ತಿನ ಬಿಸಿಗೆ ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲುದೋ ಅದರಲ್ಲಿ ಎಷ್ಟು ಪಾಲು ಆಗಲೇ ತುಂಬಿದೆ ಎಂಬ ಲೆಕ್ಕ. 90 ತುಂಬಿದ್ದರೆ ಉಳಿದ ಜಾಗ ಬರೀ ಹತ್ತು. ನಿಮ್ಮ ಬರಣಿಯ ನೀರಿಗೆ ಅಷ್ಟೇ ದಾರಿ.

ಇನ್ನೊಂದು ಲೆಕ್ಕವೂ ಬೇಕು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. 5 ಲೀಟರ್ ಬರಣಿಯಲ್ಲಿ ಮಣ್ಣು ಹೋಗಿ 4 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಆ ಗಾಳಿ ಪೂರ್ತಿ ತುಂಬಿದ್ದರೂ ಅದರಲ್ಲಿರುವ ನೀರು 0.12 ಗ್ರಾಂ, ಅಂದರೆ ಎರಡು ಮೂರು ಹನಿ. ಹಾಗಿರುವಾಗ ಗಾಜಿನ ಮೇಲೆ ಧಾರೆಯಾಗಿ ಇಳಿಯುವ ನೀರು ಎಲ್ಲಿಂದ ಬಂತು? ಮಣ್ಣಿನಿಂದ. ಮಣ್ಣು ನೀರನ್ನು ಆವಿ ಮಾಡುತ್ತಲೇ ಇರುತ್ತದೆ, ತಣ್ಣಗಿರುವ ಗಾಜು ಅದನ್ನು ಹನಿ ಮಾಡುತ್ತಲೇ ಇರುತ್ತದೆ. ಗಾಳಿ ಬದಲಾಯಿಸಿದರೆ ಎರಡು ಹನಿ ಹೋದೀತು, ಅಷ್ಟೇ. ಸರಿಮಾಡಬೇಕಾದ್ದು ಮಣ್ಣನ್ನು. ಈ ಒಂದು ವಿಷಯ ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ಏನೇನು ಬೇಕು

ಅಗಲ ಬಾಯಿಯ ಗಾಜಿನ ಬರಣಿ. ಅಂಗಡಿಯಲ್ಲಿ ಚಕ್ಕುಲಿ, ಬಿಸ್ಕತ್ ತುಂಬಿಡುವಂಥದ್ದು ಆಗುತ್ತದೆ, ಕೈ ಒಳಗೆ ಹೋಗಬೇಕು. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಪರ್ಲೈಟ್, ಅಂದರೆ ಹುರಿದು ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಾಳು. ಸ್ವಲ್ಪ ಇದ್ದಿಲ ಚೂರು, ಒಂದೆರಡು ಮುಷ್ಟಿ ಸಣ್ಣ ಬೆಣಚುಕಲ್ಲು. ಮೆಡಿಕಲ್ ಅಂಗಡಿಯಿಂದ 20 ಅಥವಾ 50 ಎಂಎಲ್ ಸಿರಿಂಜ್. ಅಕ್ವೇರಿಯಂಗೆ ಗಾಳಿ ಬಿಡುವ ತೆಳು ಪ್ಲಾಸ್ಟಿಕ್ ಕೊಳವೆ ಒಂದು ಗೇಣು. ಕೊಳವೆ, ಬೆಣಚುಕಲ್ಲು ಎರಡೂ ಕ್ರಾಫರ್ಡ್ ಮಾರ್ಕೆಟ್ಟಿನ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಉದ್ದ ಹಿಡಿಯ ಚಮಚ, ಟಿಶ್ಯೂ ಕಾಗದ, ಒಂದು ಊದುಬತ್ತಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಅದಿಲ್ಲದೆ ಈ ಕೆಲಸ ಬರೀ ಅಂದಾಜು.

ಸಮುದ್ರದ ಮರಳು ತರಬೇಡಿ. ಎಷ್ಟು ತೊಳೆದರೂ ಅದರ ಉಪ್ಪಿನ ಮೇಲೆ ನಂಬಿಕೆ ಇಡುವಂತಿಲ್ಲ. ಲೋಣಾವಳ, ಮಾಳಶೇಜ್ ಕಡೆ ಸುತ್ತಾಡಲು ಹೋದಾಗ ಬಂಡೆಯ ಮೇಲಿನ ಹಾವಸೆ ಕಿತ್ತು ತರುವವರಿದ್ದಾರೆ. ದಯವಿಟ್ಟು ಬೇಡ. ಅದು ಬೆಳೆಯಲು ವರ್ಷಗಳು ಬೇಕು, ಕಾಡಿನಲ್ಲೇ ಇರಲಿ. ನಿಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಮೇಲೆ ಮಳೆಗಾಲದಲ್ಲಿ ಬೇಕಾದಷ್ಟು ಬೆಳೆಯುತ್ತದೆ, ಅಂಗೈಯಗಲ ಸಾಕು.

ಹಂತ 1: ಮುಚ್ಚಿದ್ದೋ ತೆರೆದದ್ದೋ, ಮೊದಲೇ ತೀರ್ಮಾನಿಸಿ

ಮುಚ್ಚಿದ ಬರಣಿಯಲ್ಲಿ ನೀರು ಒಳಗೇ ಸುತ್ತುತ್ತದೆ. ಅದಕ್ಕೆ ತೇವ ಇಷ್ಟಪಡುವ ಗಿಡ ಬೇಕು: ಫಿಟ್ಟೋನಿಯಾ, ಸಣ್ಣ ಜಾತಿಯ ಜರಿ ಗಿಡ, ಸೆಲಾಜಿನೆಲ್ಲಾ, ಸಣ್ಣ ಪೆಪೆರೋಮಿಯಾ. ಮುಚ್ಚಿದರೆ ಗಿಡಕ್ಕೆ ಉಸಿರು ಕಟ್ಟುತ್ತದಲ್ವಾ ಎಂದು ತುಂಬ ಜನ ಕೇಳುತ್ತಾರೆ. ಕಟ್ಟುವುದಿಲ್ಲ. ರಾತ್ರಿ ಗಿಡ ಮತ್ತು ಮಣ್ಣಿನ ಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹಗಲು ಬೆಳಕಿನಲ್ಲಿ ಗಿಡವೇ ಬಳಸಿಕೊಂಡು ಆಮ್ಲಜನಕ ಬಿಡುತ್ತದೆ. ಗಾಳಿಗಾಗಿ ಒದ್ದಾಡುವುದು ಎಲೆಯಲ್ಲ, ನೀರಲ್ಲಿ ಮುಳುಗಿದ ಬೇರು. ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಬೇರಿಗೆ ಉಸಿರಿಲ್ಲ.

ತೆರೆದ ಬರಣಿ ಎಂದು ಕರೆಯುವುದರಲ್ಲೇ ಒಂದು ಮೋಸವಿದೆ. ಕತ್ತು ಸಣ್ಣಗಿರುವ ಉದ್ದ ಬಾಟಲಿಗೆ ಮುಚ್ಚಳ ಇಲ್ಲದಿದ್ದರೂ ತಳದಲ್ಲಿ ಗಾಳಿ ಆಡುವುದಿಲ್ಲ. ಪರೀಕ್ಷೆ ಸುಲಭ. ಬರಣಿ ಖಾಲಿ ಇರುವಾಗ ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ, ತುದಿಯನ್ನು ಬಾಯಿಯೊಳಗೆ ಇಳಿಸಿ ಸ್ವಲ್ಪ ಹೊಗೆ ತುಂಬಿಸಿ. ಬತ್ತಿ ತೆಗೆದು ಸುಮ್ನೆ ನೋಡುತ್ತಾ ನಿಲ್ಲಿ. ಅಗಲ ಬೋಗುಣಿಯಾದರೆ ಹೊಗೆ ಅಂಚಿನ ಮೇಲಿಂದ ಉರುಳಿ ಬೇಗ ಖಾಲಿಯಾಗುತ್ತದೆ. ಉದ್ದ ಕತ್ತಿನದಾದರೆ ಹೊಗೆ ತಳಕ್ಕಿಳಿದು, ಹಾಲಿನ ಕೆನೆಯ ಹಾಗೆ ಪದರ ಕಟ್ಟಿ, ಅಲ್ಲಾಡದೆ ಕೂರುತ್ತದೆ. ನಾಳೆ ನಿಮ್ಮ ಗಿಡದ ಬುಡದಲ್ಲಿ ಒದ್ದೆ ಗಾಳಿ ಕೂರುವುದೂ ಹಾಗೇ. ಅಂಥ ಬಾಟಲಿಯನ್ನು ಮುಚ್ಚಿದ ಬರಣಿ ಎಂದೇ ಲೆಕ್ಕ ಹಾಕಿ.

ಕಳ್ಳಿ, ಜೇಡ್, ಹಾವರ್ಥಿಯಾ, ಲೋಳೆಸರ ಇವನ್ನು ಮುಂಬೈಯಲ್ಲಿ ತೂತಿಲ್ಲದ ಗಾಜಿನಲ್ಲಿ ಹಾಕಲೇಬೇಡಿ. ಅಂಗಡಿಯಲ್ಲಿ ಬಣ್ಣದ ಕಲ್ಲು ಹಾಕಿ ಚಂದವಾಗಿ ಮಾರುತ್ತಾರೆ, ಉಡುಗೊರೆಯಾಗಿ ಮನೆಗೆ ಬರುತ್ತದೆ. ಮೊದಲ ಮಳೆಗಾಲ ದಾಟುವುದು ಕಷ್ಟ. ಬಂದಿದ್ದರೆ ತೆಗೆದು ಮಣ್ಣಿನ ಕುಂಡಕ್ಕೆ ಹಾಕಿ, ಅದೇ ಆ ಗಿಡಕ್ಕೆ ಮಾಡುವ ಉಪಕಾರ.

ಹಂತ 2: ಜಾಗ ನೋಡಿ

ಗಾಜಿನೊಳಗೆ ಬಿಸಿಲು ಹೋಗುತ್ತದೆ, ಬಿಸಿ ಹೊರಗೆ ಬರುವುದಿಲ್ಲ. ನೇರ ಬಿಸಿಲಿಗಿಟ್ಟ ಮುಚ್ಚಿದ ಬರಣಿ 40 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ. ಎಲೆ ಬೆಂದ ಪಾಲಕ್ಕಿನ ಹಾಗೆ ಆಗುತ್ತದೆ. ಬೆಳಕು ಚೆನ್ನಾಗಿರಬೇಕು, ಬಿಸಿಲು ಬೀಳಬಾರದು. ಕಿಟಕಿಯಿಂದ ಎರಡು ಮೂರು ಅಡಿ ಒಳಗೆ ಸರಿ.

ಇಲ್ಲಿ ಒಂದು ಎಚ್ಚರ. "ನಮ್ಮದು ಉತ್ತರದ ಕಿಟಕಿ, ಬಿಸಿಲೇ ಬರೋದಿಲ್ಲ" ಎಂದು ಧೈರ್ಯವಾಗಿರಬೇಡಿ. ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡು ಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೆ ಓರೆ ಬಿಸಿಲು ಬಂದೇ ಬರುತ್ತದೆ. ಏಪ್ರಿಲ್‌ನಲ್ಲಿ ಒಂದು ದಿನ ಮನೆಯಲ್ಲಿದ್ದು ನೋಡಿ.

ಫ್ರಿಜ್ ಮೇಲೆ, ಗ್ಯಾಸ್ ಒಲೆ ಹತ್ತಿರ, ಏಸಿಯ ಗಾಳಿ ನೇರ ಹೊಡೆಯುವ ಕಡೆ ಬೇಡ. ಒಂದು ಬದಿ ಬಿಸಿ, ಒಂದು ಬದಿ ತಂಪು ಆದಷ್ಟೂ ಗಾಜು ಜಾಸ್ತಿ ಬೆವರುತ್ತದೆ.

ಹಂತ 3: ಮಣ್ಣಿನ ಹದ

ಕೊಕೊಪೀಟ್ ಇಟ್ಟಿಗೆ ತಂದರೆ ನೀರಲ್ಲಿ ನೆನೆಸಿ, ಅರಳಿದ ಮೇಲೆ ಎರಡು ಮೂರು ಸಲ ನೀರು ಬದಲಿಸಿ ಹಿಂಡಿ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಆಮೇಲೆ ಹಳೆಯ ಸೀರೆ ಅಥವಾ ಪೇಪರಿನ ಮೇಲೆ ಹರಡಿ ಆರಲು ಬಿಡಿ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಪರ್ಲೈಟ್, ಅರ್ಧ ಪಾಲು ಇದ್ದಿಲ ಚೂರು. ಎರೆಗೊಬ್ಬರ ಒಂದು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ. ಮುಚ್ಚಿದ ಬರಣಿಯಲ್ಲಿ ಗಿಡ ಬೇಗ ಬೆಳೆಯುವುದು ನಮಗೆ ಬೇಕಾಗಿಲ್ಲ, ಗೊಬ್ಬರ ಜಾಸ್ತಿಯಾದರೆ ಬೂಷ್ಟಿಗೆ ಹಬ್ಬ.

ಹದ ಹೇಗಿರಬೇಕು? ಪುಟ್ಟು ಮಾಡಲು ಅಕ್ಕಿ ಹಿಟ್ಟಿಗೆ ನೀರು ಚಿಮುಕಿಸಿ ಕಲಸುತ್ತೇವಲ್ಲ, ಅದೇ ಹದ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಬೆರಳ ಸಂದಿಯಿಂದ ಒಂದು ಹನಿ ನೀರು ಇಳಿದರೂ ಇನ್ನೂ ಆರಬೇಕು ಎಂದು ಅರ್ಥ. ಹತ್ತರಲ್ಲಿ ಎಂಟು ಬರಣಿ ಕೆಡುವುದು ಈ ಹಂತದಲ್ಲೇ ಎಂಬುದು ನನ್ನ ಅನಿಸಿಕೆ. ಕುಂಡಕ್ಕೆ ನೀರು ಹೆಚ್ಚಾದರೆ ತೂತಿನಿಂದ ಹೋಗುತ್ತದೆ. ಬರಣಿಗೆ ಹಾಕಿದ ನೀರು ಹಾಕಿದ ಹಾಗೇ.

ಹಂತ 4: ಗಿಡವನ್ನು ನರ್ಸರಿ ಮಣ್ಣಿನಿಂದ ಬಿಡಿಸಿ

ಮುಂಬೈ ನರ್ಸರಿಗಳ ಗಿಡ ಸಾಮಾನ್ಯವಾಗಿ ಕೆಂಪು ಮಣ್ಣಿನಲ್ಲಿ ಬರುತ್ತದೆ. ಮಾಲಿಗಳು ಲಾಲ್ ಮಾತಿ ಎನ್ನುವುದು ಇದನ್ನೇ. ಗಿಡದ ಬುಡದಲ್ಲಿ ಅದು ಗಟ್ಟಿ ಮುದ್ದೆಯಾಗಿರುತ್ತದೆ. ಹಾಗೇ ಬರಣಿಗಿಟ್ಟರೆ ಸುತ್ತಲಿನ ಹಗುರ ಮಣ್ಣು ಸರಿಯಾಗಿದ್ದರೂ ಒಳಗಿನ ಮುದ್ದೆ ತಿಂಗಳುಗಟ್ಟಲೆ ನೀರು ಬಿಡುವುದಿಲ್ಲ, ಬೇರು ಅಲ್ಲೇ ಕೊಳೆಯುತ್ತದೆ.

ಬಕೆಟ್ಟಿನಲ್ಲಿ ನೀರಿಟ್ಟು ಗಿಡವನ್ನು ಬುಡ ಹಿಡಿದು ಅದ್ದಿ. ಹತ್ತು ನಿಮಿಷ ಬಿಡಿ. ಆಮೇಲೆ ನೀರಿನೊಳಗೇ ಬೆರಳಾಡಿಸಿ ಮಣ್ಣು ಬಿಡಿಸಿ. ನೀರು ಕೆಂಪಗಾಗುತ್ತದೆ, ಬದಲಿಸಿ ಮತ್ತೆ ಅದ್ದಿ. ಮೂರನೇ ಸಲಕ್ಕೆ ಬೇರು ಬೆಳ್ಳಗೆ ಕಾಣುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಜಾರಿ ನೂಲಿನಂತೆ ಉಳಿಯುವ ಬೇರು ಸತ್ತದ್ದು, ಕತ್ತರಿಸಿ. ಹಳದಿ ಎಲೆ, ಹರಿದ ಎಲೆ, ಹೂವಿನ ಮೊಗ್ಗು ಎಲ್ಲ ತೆಗೆಯಿರಿ. ಒಳಗೆ ಉದುರುವ ಪ್ರತಿಯೊಂದು ಎಲೆಯೂ ಬೂಷ್ಟಿಗೆ ಊಟ. ಬೇರಿನ ನೀರು ಇಳಿಯಲು ಪೇಪರಿನ ಮೇಲೆ ಕಾಲು ಗಂಟೆ ಮಲಗಿಸಿ.

ಹಂತ 5: ಪದರ, ನೆಡುವುದು, ತೂಕ

ತಳಕ್ಕೆ ಎರಡು ಸೆಂಟಿಮೀಟರ್ ಬೆಣಚುಕಲ್ಲು. ಆದರೆ ಇದನ್ನು ನೀರು ಬಸಿಯುವ ಪದರ ಎಂದು ನಂಬಬೇಡಿ. ಮೊದಲ ಬರಣಿಯಲ್ಲಿ ನಾನು ಮಾಡಿದ ತಪ್ಪು ಅದೇ, ಕಲ್ಲಿದೆಯಲ್ಲ ಎಂದು ಧಾರಾಳವಾಗಿ ನೀರು ಹಾಕಿದೆ. ಸಣ್ಣ ಕಣದ ಮಣ್ಣು ಸ್ಪಂಜಿನ ಹಾಗೆ ನೀರನ್ನು ಹಿಡಿದುಕೊಳ್ಳುತ್ತದೆ. ತಾನು ಪೂರ್ತಿ ತುಂಬುವವರೆಗೆ ಕೆಳಗಿನ ಕಲ್ಲಿಗೆ ಹನಿ ಬಿಡುವುದಿಲ್ಲ. ಕಲ್ಲಿನಲ್ಲಿ ನೀರು ಕಾಣಿಸಿತು ಅಂದರೆ ಮೇಲಿನ ಮಣ್ಣು ಆಗಲೇ ಮಿತಿ ಮೀರಿದೆ. ಹಾಗಾಗಿ ಕಲ್ಲಿನ ಪದರ ಅಳತೆ ತೋರಿಸುವ ಮೀಟರಿನ ಹಾಗೆ, ಹೆಚ್ಚಾದ ನೀರನ್ನು ಕಣ್ಣಿಗೆ ತೋರಿಸುತ್ತದೆ.

ಅಕ್ವೇರಿಯಂ ಕೊಳವೆಯನ್ನು ಹಿಂಬದಿಯ ಗಾಜಿಗೆ ತಾಗಿಸಿ ಕಲ್ಲಿನವರೆಗೆ ಇಳಿಸಿ, ಮೇಲ್ತುದಿ ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ಮುಂದೆ ಸಿರಿಂಜ್ ಸಿಕ್ಕಿಸಿ ನೀರು ಎಳೆಯಲು ಇದೊಂದೇ ದಾರಿ. ಕಲ್ಲಿನ ಮೇಲೆ ಸೊಳ್ಳೆ ಪರದೆಯ ತುಂಡು ಹಾಸಿ, ಅದರ ಮೇಲೆ ಐದಾರು ಸೆಂಟಿಮೀಟರ್ ಮಣ್ಣು. ಅದುಮಬೇಡಿ. ಗಿಡಗಳ ಮಧ್ಯೆ ಒಂದು ಗಿಡದಷ್ಟು ಜಾಗ ಬಿಡಿ, ಎಲೆ ಗಾಜಿಗೆ ಅಂಟಬಾರದು. ಗಾಜಿಗೆ ಅಂಟಿದ ಎಲೆಯ ಹಿಂದೆ ನೀರಿನ ಪೊರೆ ನಿಂತು ಅದೇ ಮೊದಲು ಕೊಳೆಯುವುದು. 5 ಲೀಟರ್ ಬರಣಿಗೆ ಮೂರು ಗಿಡ ಹೆಚ್ಚಾಯಿತು ಎನ್ನಬಹುದು.

ಮಣ್ಣು ಹದದಲ್ಲೇ ಇರುವುದರಿಂದ ಬೇರೆ ನೀರು ಬೇಡ. ಗಾಜಿಗೆ, ಎಲೆಗೆ ಅಂಟಿದ ಮಣ್ಣು ಇಳಿಯುವಷ್ಟು ಸ್ಪ್ರೇ ಮಾಡಿ, 20 ಎಂಎಲ್ ಒಳಗೆ. ಒಂದು ರಾತ್ರಿ ತೆರೆದಿಟ್ಟು ಮರುದಿನ ಮುಚ್ಚಿ. ಮುಚ್ಚಳ ಸಮೇತ ತೂಕ ಮಾಡಿ ಬರಣಿಯ ತಳಕ್ಕೆ ಟೇಪ್ ಅಂಟಿಸಿ ಬರೆಯಿರಿ: ತಾರೀಕು, ಗ್ರಾಂ. ಚೆನ್ನಾಗಿ ಮುಚ್ಚಿದ ಬರಣಿ ತಿಂಗಳಿಗೆ ಕೆಲವೇ ಗ್ರಾಂ ಕಳೆದುಕೊಳ್ಳುತ್ತದೆ.

ಹೊಸ ಬರಣಿ ಕಟ್ಟಲು ಒಳ್ಳೆಯ ಸಮಯ ನವೆಂಬರಿನಿಂದ ಫೆಬ್ರವರಿ. ತಪ್ಪಿ ನೀರು ಹೆಚ್ಚಾದರೂ ಒಣಗಿಸಲು ಆಗ ಗಾಳಿ ನಿಮ್ಮ ಪರವಾಗಿ ಇರುತ್ತದೆ.

ಹಂತ 6: ಗಾಜು ಓದುವುದನ್ನು ಕಲಿಯಿರಿ

ಮೊದಲ ಮೂರು ವಾರ ದಿನಕ್ಕೆ ಎರಡು ಸಲ, ಬೆಳಿಗ್ಗೆ ಎದ್ದ ಕೂಡಲೇ ಮತ್ತು ಮಧ್ಯಾಹ್ನ, ಬರಣಿ ನೋಡಿ.

ಬೆಳಿಗ್ಗೆ ಗಾಜಿನ ಮೂರನೇ ಒಂದು ಭಾಗದಲ್ಲಿ ತೆಳು ಮಂಜು, ಹತ್ತು ಹನ್ನೊಂದು ಗಂಟೆಗೆ ಮಾಯ. ಇದು ಆರೋಗ್ಯ. ಕಿಟಕಿ ಕಡೆಯ ಮೈಯಲ್ಲಿ ಮಾತ್ರ ಮಂಜು, ಇದೂ ಸಹಜ, ಆ ಬದಿ ತಣ್ಣಗಿದೆ ಅಷ್ಟೇ. ವಾರಕ್ಕೊಮ್ಮೆ ಬರಣಿಯನ್ನು ಕಾಲು ಸುತ್ತು ತಿರುಗಿಸಿ.

ಇಡೀ ದಿನ, ಎಲ್ಲ ಬದಿಯಲ್ಲೂ ಮಂಜು, ಹನಿಗಳು ಸೇರಿ ಗೆರೆ ಗೆರೆಯಾಗಿ ಇಳಿಯುತ್ತಿದ್ದರೆ ಮಣ್ಣಿನಲ್ಲಿ ನೀರು ಜಾಸ್ತಿ. ಎರಡು ಮೂರು ದಿನವಾದರೂ ಬೆಳಿಗ್ಗೆ ಕೂಡ ಒಂದಿಷ್ಟೂ ಮಂಜಿಲ್ಲ, ತೂಕವೂ ಇಳಿದಿದೆ ಎಂದರೆ ಮಾತ್ರ 10 ಎಂಎಲ್ ನೀರು.

ಏಸಿ ಕೋಣೆಯಿಂದ ತಂದಿಟ್ಟ ಬರಣಿಯ ಹೊರಮೈ ಬೆವರಿದರೆ ಗಾಬರಿ ಬೇಡ. ಅದು ಕೋಣೆಯ ಗಾಳಿಯ ನೀರು. ಬೆರಳಿಂದ ಒರೆಸಿ ನೋಡಿ, ಗೆರೆ ಮೂಡಿದರೆ ಹೊರಗಿನದು. ಇನ್ನು ಬೆಳಿಗ್ಗೆ ಎಲೆಯ ಅಂಚಿನಲ್ಲಿ ಮಣಿ ಪೋಣಿಸಿದಂತೆ ಹನಿ ಕಂಡರೆ ಅದು ರೋಗವಲ್ಲ. ಬೇರು ಎಳೆದ ನೀರು ಆವಿಯಾಗಲು ಜಾಗವಿಲ್ಲದೆ ಎಲೆಯ ತುದಿಯಿಂದ ಹೊರಬಂದದ್ದು. ಒಂದೆರಡು ದಿನ ಪರವಾಗಿಲ್ಲ. ದಿನಾ ಕಂಡರೆ ನೀರು ಹೆಚ್ಚಿದೆ ಎಂದೇ ತಿಳಿಯಿರಿ.

ಹಂತ 7: ಮಳೆಗಾಲದಲ್ಲಿ ನೀರು ಹೊರಗೆ ತೆಗೆಯುವುದು

ಮುಚ್ಚಳ ತೆಗೆದಿಟ್ಟು ಕಾಯುವುದು ಕೆಲಸಕ್ಕೆ ಬರುವುದಿಲ್ಲ ಎಂದೆ. ಹಾಗಾದರೆ ಏನು ಕೆಲಸಕ್ಕೆ ಬರುತ್ತದೆ?

ಒಂದು, ಕೊಳವೆಗೆ ಸಿರಿಂಜ್ ಸಿಕ್ಕಿಸಿ ತಳದ ನೀರು ಎಳೆಯಿರಿ. ಬರಣಿಯನ್ನು ಕೊಳವೆಯ ಕಡೆಗೆ ಸ್ವಲ್ಪ ಓರೆ ಮಾಡಿ ಐದು ನಿಮಿಷ ಬಿಟ್ಟರೆ ಇನ್ನಷ್ಟು ಬರುತ್ತದೆ.

ಎರಡು, ಗಾಜು ಒರೆಸಿ. ಇದು ತೀರಾ ಸಣ್ಣ ಕೆಲಸ ಎನಿಸಬಹುದು, ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ರಾತ್ರಿಯಿಡೀ ಗಾಜು ನಿಮಗಾಗಿ ಮಣ್ಣಿನಿಂದ ನೀರು ತೆಗೆದು ತನ್ನ ಮೈಮೇಲೆ ಇಟ್ಟುಕೊಂಡಿರುತ್ತದೆ. ಹಗಲಾದರೆ ಅದು ಮತ್ತೆ ಮಣ್ಣಿಗೆ ಇಳಿಯುತ್ತದೆ. ಅಷ್ಟರೊಳಗೆ, ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಬಂದು, ಒಣ ಟಿಶ್ಯೂ ತೆಗೆದುಕೊಂಡು ಒಳಗೋಡೆ ಮತ್ತು ಮುಚ್ಚಳದ ಅಡಿ ಪೂರ್ತಿ ಒರೆಸಿ ಮುಚ್ಚಿಬಿಡಿ. ಒರೆಸುವ ಮೊದಲು, ಆಮೇಲೆ ಟಿಶ್ಯೂ ತೂಗಿ ನೋಡಿ, ಎಷ್ಟು ಗ್ರಾಂ ಹೊರಬಂತು ಎಂದು ಗೊತ್ತಾಗುತ್ತದೆ. ಹೊರಗೆ ಎಂಥ ಮಳೆ ಇದ್ದರೂ ಈ ದಾರಿ ನಡೆಯುತ್ತದೆ, ಏಕೆಂದರೆ ಇದಕ್ಕೆ ಒಣ ಗಾಳಿಯೇ ಬೇಕಾಗಿಲ್ಲ. ಎಂಟು ಹತ್ತು ದಿನ ಬಿಡದೆ ಮಾಡಿ.

ಮೂರು, ಮನೆಯಲ್ಲಿ ಏಸಿ ಇದ್ದರೆ ರಾತ್ರಿ ಮುಚ್ಚಳ ತೆಗೆದು ಆ ಕೋಣೆಯಲ್ಲಿಡಿ. ಏಸಿ ಗಾಳಿಯ ನೀರನ್ನು ತೆಗೆದು ಪೈಪಿನಿಂದ ಹೊರಗೆ ಹಾಕುವುದನ್ನು ನೋಡಿದ್ದೀರಲ್ಲ, ಮಳೆಗಾಲದ ಮುಂಬೈ ಮನೆಯಲ್ಲಿ ಒಣ ಗಾಳಿ ಎಂದು ಇರುವುದು ಅಲ್ಲಿ ಮಾತ್ರ. ನೇರ ಗಾಳಿ ಬೀಳದ ಮೂಲೆಯಲ್ಲಿಡಿ, ಬೆಳಿಗ್ಗೆ ತೂಗಿ. ಬೇಕಾದಷ್ಟು ಇಳಿದ ಮೇಲೆ ನಿಲ್ಲಿಸಿ, ಫಿಟ್ಟೋನಿಯಾ ಒಂದೇ ರಾತ್ರಿಗೆ ಮಲಗಿಬಿಡುವ ಗಿಡ.

ಏಸಿ ಇಲ್ಲದವರು ಮಳೆ ಬಿಟ್ಟ ಮಧ್ಯಾಹ್ನ ನೋಡಿ ಫ್ಯಾನ್ ಕೆಳಗೆ ಒಂದೆರಡು ಗಂಟೆ ತೆರೆದಿಡಿ. ಬಾಯಿಯ ಮೇಲಿನ ಒದ್ದೆ ಗಾಳಿಯನ್ನು ಫ್ಯಾನ್ ತಳ್ಳುತ್ತಿರುತ್ತದೆ. ನಿಧಾನ, ಆದರೂ ಸುಮ್ನೆ ತೆರೆದಿಡುವುದಕ್ಕಿಂತ ವಾಸಿ.

ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದಾ ಎಂದು ಕೇಳುತ್ತೀರಿ. 5 ಗ್ರಾಂ ಪೊಟ್ಟಣ ಹೀರುವುದು ಒಂದೂವರೆ ಎರಡು ಗ್ರಾಂ ನೀರು. ಒಂದು ಟಿಶ್ಯೂ ಅದಕ್ಕಿಂತ ಹೆಚ್ಚು ಹೀರುತ್ತದೆ.

ಮಣ್ಣಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಈ ಯಾವುದೂ ಸಾಲದು. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತಿವೆ, ಬೇರು ಕೊಳೆಯತೊಡಗಿದೆ. ಗಿಡ ತೆಗೆದು, ಬೇರು ತೊಳೆದು, ಕಪ್ಪಾದದ್ದನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡಿ. ಹಳೆಯ ಮಣ್ಣು ಮತ್ತೆ ಬಳಸಬೇಡಿ.

ಹಂತ 8: ಬೂಷ್ಟು, ನೊಣ, ಪಾಚಿ

ಮೊದಲ ಎರಡು ಮೂರು ವಾರ ಮರದ ತುಂಡು, ಇದ್ದಿಲಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬರುವುದು ಸಾಮಾನ್ಯ. ಅದು ಸತ್ತ ವಸ್ತು ತಿನ್ನುವ ಶಿಲೀಂಧ್ರ, ಒರೆಸಿದರೆ ಸಾಕು, ತಾನೇ ತಗ್ಗುತ್ತದೆ. ಜೀವಂತ ಎಲೆಯ ಮೇಲೆ ಬೂದು ಬಣ್ಣದ, ಧೂಳಿನಂಥ ಬೂಷ್ಟು ಬಂದರೆ ಆ ಎಲೆಯನ್ನು ಬುಡದಿಂದ ಕತ್ತರಿಸಿ ತಕ್ಷಣ ಹೊರಗೆ ಹಾಕಿ, ಗಾಳಿ ಆಡಿಸಿ. ಅರಿಶಿನ, ದಾಲ್ಚಿನ್ನಿ ಪುಡಿ ಉದುರಿಸುವವರಿದ್ದಾರೆ. ಮಣ್ಣಿನಲ್ಲಿ ನೀರು ಹೆಚ್ಚಿರುವ ತನಕ ಬೂಷ್ಟು ಮತ್ತೆ ಬರುತ್ತದೆ.

ಸಣ್ಣ ಕಪ್ಪು ನೊಣ ಹಾರಿದರೆ ಅದರ ಮರಿಹುಳುಗಳು ಮಣ್ಣಿನ ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲಿವೆ. ಹಳದಿ ಅಂಟುಕಾಗದ ಹಾರುವುದನ್ನು ಹಿಡಿಯುತ್ತದೆ, ಮೇಲ್ಮಣ್ಣು ಒಣಗಿಸಿದರೆ ಮರಿ ಸಾಯುತ್ತದೆ. ಮೊಟ್ಟೆಯಿಂದ ನೊಣದವರೆಗೆ ಮೂರು ನಾಲ್ಕು ವಾರ, ಅಷ್ಟು ದಿನ ಬಿಡದೆ ಮಾಡಬೇಕು. ಗಾಜಿನ ಒಳಮೈ ಹಸಿರಾದರೆ ಪಾಚಿ. ಬೆಳಕೂ ನೀರೂ ಎರಡೂ ಹೆಚ್ಚು.

ತೇವ ಬೇಕಾದಷ್ಟಿದ್ದೂ ಎಳೆ ಎಲೆಯ ತುದಿ ಕಂದಾಗುವುದು ಹಲವರಿಗೆ ಅರ್ಥವಾಗುವುದಿಲ್ಲ, ನೀರು ಕಡಿಮೆಯಾಯಿತೇನೋ ಎಂದು ಇನ್ನಷ್ಟು ಹಾಕುತ್ತಾರೆ. ಗಾಳಿ ನಿಂತು ಪೂರ್ತಿ ಒದ್ದೆಯಾಗಿದ್ದರೆ ಎಲೆ ನೀರಾವಿ ಬಿಡಲಾರದು. ಆವಿ ಬಿಡದಿದ್ದರೆ ಬೇರು ನೀರು ಎಳೆಯದು, ನೀರಿನ ಜೊತೆ ಬರುವ ಕ್ಯಾಲ್ಸಿಯಂ ಎಳೆ ಎಲೆಗೆ ತಲುಪದು. ಇಲ್ಲಿ ಬೇಕಾದ್ದು ಗಾಳಿ. ವಾರಕ್ಕೆ ಎರಡು ಸಲ ಮುಚ್ಚಳ ತೆಗೆದು, ಹತ್ತು ನಿಮಿಷ ಬೀಸಣಿಗೆಯಲ್ಲೋ ಸಣ್ಣ ಯುಎಸ್‌ಬಿ ಫ್ಯಾನಿನಲ್ಲೋ ಒಳಗಿನ ಗಾಳಿ ಅಲ್ಲಾಡಿಸಿ. ಒಣಗಿಸಲು ಅಲ್ಲ, ಅಲ್ಲಾಡಿಸಲು.

ಪುಣೆ, ಗೋವಾದವರಿಗೆ

ಪುಣೆ ಸಹ್ಯಾದ್ರಿಯ ಆಚೆ ಬದಿ, ಸುಮಾರು 560 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಅಲ್ಲಿಯ ಗಾಳಿ ಗರಿಗರಿ ಒಣಗಿರುತ್ತದೆ. ಅಲ್ಲಿ ಮುಚ್ಚಳ ತೆಗೆದರೆ ಬರಣಿ ನಿಜಕ್ಕೂ ಒಣಗುತ್ತದೆ, ಅರ್ಧ ದಿನಕ್ಕೇ ಹೆಚ್ಚಾದೀತು, ಗಂಟೆಗೊಮ್ಮೆ ತೂಗಿ. ತೆರೆದ ಬೋಗುಣಿಯಲ್ಲಿ ಹಾವರ್ಥಿಯಾ ಬೆಳೆಸುವ ಆಸೆ ಇದ್ದರೆ ಪುಣೆಯಲ್ಲಿ ಸಾಧ್ಯ. ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವವರು ಗಾಜಿನ ಮೇಲೆ ಬಿಳಿ ಕಲೆ ನೋಡಿದ್ದೀರಿ, ಅದು ಗಡಸು ನೀರಿನ ಸುಣ್ಣ. ಮಳೆನೀರು ಅಥವಾ ಆರ್‌ಒ ನೀರು ಹಾಕಿ. ಗೋವಾದವರು ಮುಂಬೈಯ ನಿಯಮವನ್ನೇ ಇನ್ನಷ್ಟು ಬಿಗಿಯಾಗಿ ಪಾಲಿಸಿ, ಅಲ್ಲಿ ಮಳೆ ಇನ್ನೂ ಹೆಚ್ಚು.

ನೀರಲ್ಲಿಟ್ಟ ಮನಿ ಪ್ಲಾಂಟ್

ಇದು ಬರಣಿಯ ಮಾತಲ್ಲ, ಆದರೂ ಬಿಡಲಾರೆ. ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಮನಿ ಪ್ಲಾಂಟ್ ಇಡದ ಮನೆ ಕಡಿಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ. ಬೇರಿನ ಮೇಲಿನ ಭಾಗ ನೀರಿನಿಂದ ಹೊರಗಿರಲಿ, ಅದಕ್ಕೂ ಗಾಳಿ ಬೇಕು.

ಊರಿಗೆ ಹೋಗುವಾಗ

ಮೇ ತಿಂಗಳಲ್ಲಿ ಮೂರು ವಾರ ಊರಿಗೆ ಹೋಗುವವರ ಭಯವೆಂದರೆ ಬರಣಿ ಒಣಗೀತು ಎಂಬುದು. ಅದಕ್ಕೇ ಹೊರಡುವ ದಿನ ಒಂದು ಲೋಟ ನೀರು ಸುರಿದು ಹೋಗುತ್ತಾರೆ. ಖಂಡಿತ ಬೇಡ. ಸರಿಯಾಗಿ ಮುಚ್ಚಿದ ಬರಣಿಗೆ ಮೂರು ವಾರ ಏನೂ ಅಲ್ಲ. ಬಾಗಿಲು ಕಿಟಕಿ ಮುಚ್ಚಿದ ಮನೆ ಕಾದು ಬರಣಿಯೂ ಕಾಯುವುದೇ ನಿಜವಾದ ಅಪಾಯ.

ಹೊರಡುವ ಹಿಂದಿನ ವಾರ ಒಣ, ಹಳದಿ ಎಲೆಗಳನ್ನೆಲ್ಲ ತೆಗೆಯಿರಿ. ಗಾಜು ಒರೆಸಿ, ತೂಗಿ, ಟೇಪಿನ ಮೇಲೆ ಬರೆಯಿರಿ. ಬರಣಿಯನ್ನು ಕಿಟಕಿಯಿಂದ ದೂರ, ಮನೆಯಲ್ಲೇ ತಂಪಾದ ಕಡೆ ನೆಲದ ಮೇಲಿಡಿ. ಬೆಳಕು ಸ್ವಲ್ಪ ಕಡಿಮೆಯಾದರೂ ಮೂರು ವಾರ ತಡೆದುಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟಿದ್ದರೆ ಬರಣಿಗೆ ನೀರು ಹಾಕಬಾರದು ಎಂದು ಬಾಯಿಬಿಟ್ಟು ಹೇಳಿ. ಪ್ರೀತಿಯಿಂದಲೇ ದಿನಾ ಒಂದು ಲೋಟ ಹಾಕಿಬಿಡುತ್ತಾರೆ.

ವಾಪಸ್ ಬಂದಾಗ ಮೊದಲು ಮುಚ್ಚಳ ತೆಗೆದು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಎಲ್ಲ ಸರಿಯಿದೆ. ತೂಗಿ, ಹೋಗುವಾಗ ಬರೆದದ್ದಕ್ಕಿಂತ 10 ಗ್ರಾಂ ಇಳಿದಿದ್ದರೆ 10 ಎಂಎಲ್ ನೀರು ಹಾಕಿ ಮುಚ್ಚಿ. ಬರಣಿಯನ್ನು ಹಳೆಯ ಜಾಗಕ್ಕೆ ಒಂದೇ ಸಲ ತರಬೇಡಿ, ಎರಡು ಮೂರು ದಿನ ನಡುವೆ ಎಲ್ಲಾದರೂ ಇಟ್ಟು ಆಮೇಲೆ ಕಿಟಕಿ ಹತ್ತಿರ ಇಡಿ.